ಅಚೆಹ್‌ನ ಹಳ್ಳಿ ಹೇಗೆ ನಡೆಯುತ್ತದೆ? ನೀರು, ಮನೆ, ಚಿನ್ನ ಮತ್ತು ಸಾಲದ ಲೆಕ್ಕ

2025ರ ನವೆಂಬರ್ ಕೊನೆಯಲ್ಲಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸುರಿದ ಮಳೆ ಮೂರು ಪ್ರಾಂತ್ಯಗಳನ್ನು ಮುಳುಗಿಸಿತು. ಸತ್ತವರ ಲೆಕ್ಕ ಸಾವಿರ ದಾಟಿತು. ಟಿವಿಯಲ್ಲಿ ನಾವು ಕಂಡದ್ದು ಕೆಸರು, ತೇಲಿಬಂದ ಮರದ ದಿಮ್ಮಿಗಳು, ಮುರಿದುಬಿದ್ದ ಸೇತುವೆಗಳು. ಆ ಮೂರು ಪ್ರಾಂತ್ಯಗಳಲ್ಲಿ ಅಚೆಹ್ ಒಂದು. 2004ರ ಸುನಾಮಿಯಲ್ಲಿ ಅತಿ ಹೆಚ್ಚು ಜನ ಸತ್ತದ್ದೂ ಇಲ್ಲೇ. ಈ ಎರಡು ಅನಾಹುತಗಳ ನಡುವೆ ಅಚೆಹ್ ಹೆಸರು ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಛಡಿಯೇಟಿನ ಶಿಕ್ಷೆಯ ಸುದ್ದಿಯಾಗಿ.

ಹಾಗಾಗಿ ಅಲ್ಲಿನ ಒಂದು ಸಾಮಾನ್ಯ ಹಳ್ಳಿ ಹೇಗಿರುತ್ತದೆ ಎಂಬುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಜನ ಏನು ಬೆಳೆಯುತ್ತಾರೆ? ಯಾರ ಮಾತು ನಡೆಯುತ್ತದೆ? ಕಷ್ಟಕ್ಕೆ ಸಾಲ ಎಲ್ಲಿ ತರುತ್ತಾರೆ? ಇದು ತಿಳಿಯದೆ ನೆರೆಯಲ್ಲಿ ಅವರು ಕಳೆದುಕೊಂಡದ್ದೇನು ಎಂಬುದೂ ಪೂರ್ತಿ ತಿಳಿಯುವುದಿಲ್ಲ.

ಎಲ್ಲಿದೆ, ಎಷ್ಟು ದೊಡ್ಡದು

ಸುಮಾತ್ರಾದ ವಾಯವ್ಯ ತುದಿಯೇ ಅಚೆಹ್. ಅಂಡಮಾನ್-ನಿಕೋಬಾರ್ ನಕ್ಷೆಯಲ್ಲಿ ಕೆಳಗಿನ ತುದಿಗೆ ಬೆರಳಿಟ್ಟು ಸ್ವಲ್ಪ ಆಗ್ನೇಯಕ್ಕೆ ಸರಿಸಿದರೆ ಅಲ್ಲಿಗೇ ತಲುಪುತ್ತೀರಿ. 2020ರ ಜನಗಣತಿಯಂತೆ ಸುಮಾರು 53 ಲಕ್ಷ ಜನ. ಅಲ್ಲಿ ಹಳ್ಳಿಯನ್ನು ಗಂಪೊಂಗ್ ಎನ್ನುತ್ತಾರೆ. ಇಂಥವು ಸುಮಾರು 6,500 ಇವೆ. ಭಾಗಿಸಿದರೆ ಊರಿಗೆ 800 ಜನ ಬೀಳುತ್ತಾರೆ. ಗದ್ದೆ ಬಯಲಿನ ಎಷ್ಟೋ ಊರುಗಳು ಇದಕ್ಕಿಂತಲೂ ಚಿಕ್ಕವು.

ಮಧ್ಯದಲ್ಲಿ ಬೆಟ್ಟಸಾಲು. ಅಲ್ಲಿ ಗಾಯೊ ಎಂಬ ಬೇರೆ ಭಾಷೆಯ ಜನ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಬೆಟ್ಟದಿಂದ ಇಳಿದ ಹೊಳೆಗಳು ಉತ್ತರ ಮತ್ತು ಪೂರ್ವ ಕರಾವಳಿಯ ಬಯಲಿಗೆ ಬರುತ್ತವೆ. ಪಿದಿಯೆ, ಬಿರುಯೆನ್, ಉತ್ತರ ಅಚೆಹ್ ಜಿಲ್ಲೆಗಳ ಈ ಬಯಲೇ ಭತ್ತದ ಸೀಮೆ. ಈ ಲೇಖನದಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಇಲ್ಲಿನ ಊರುಗಳ ವಿಷಯ. ಪಶ್ಚಿಮ ಕರಾವಳಿಯಲ್ಲಿ, ಬೆಟ್ಟದ ಮೇಲೆ, ಕೆಲವು ರೂಢಿಗಳು ಬೇರೆ ಇವೆ.

ಊರೆಂದರೆ ತೆಂಗು, ಅಡಿಕೆ, ಬಾಳೆಯ ನೆರಳಲ್ಲಿ ಗುಂಪಾಗಿ ನಿಂತ ಮನೆಗಳು. ಸುತ್ತ ಗದ್ದೆ. ಗದ್ದೆಯಾಚೆ ಗುಡ್ಡದ ಕಡೆಗೆ ತೋಟ. ಮುಖ್ಯ ರಸ್ತೆ ಹತ್ತಿರ ನಾಲ್ಕಾರು ಅಂಗಡಿ, ಅದರಲ್ಲಿ ಒಂದಾದರೂ ಕಾಫಿ ಅಂಗಡಿ. ಕುದಿಯುವ ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಎತ್ತಿ ಎತ್ತಿ ಸೋಸಿ ಕೊಡುತ್ತಾರೆ. ಗಂಡಸರ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಹೆಂಗಸರು ಹಳ್ಳಿಯ ಕಾಫಿ ಅಂಗಡಿಯಲ್ಲಿ ಕೂರುವುದು ಅಪರೂಪ.

ಊರಿಗೆ ಯಜಮಾನ ಒಬ್ಬನಲ್ಲ

ಗಂಪೊಂಗ್‌ನ ಮುಖ್ಯಸ್ಥನಿಗೆ ಕೆಚಿಕ್ ಎನ್ನುತ್ತಾರೆ. ಜನರೇ ಆರಿಸುತ್ತಾರೆ. ಅವನ ಪಕ್ಕದಲ್ಲಿ ನಮಾಜು, ಮದುವೆ, ಸಾವು, ಜಕಾತ್ (ಕಡ್ಡಾಯ ದಾನ) ನೋಡಿಕೊಳ್ಳುವ ಧಾರ್ಮಿಕ ಹಿರಿಯ ಇರುತ್ತಾನೆ. ಅವನನ್ನು ತೆಂಗ್ಕು ಎಂದು ಕರೆಯುತ್ತಾರೆ. ಕೆಚಿಕ್ ಊರಿಗೆ ಅಪ್ಪ, ತೆಂಗ್ಕು ಊರಿಗೆ ಅಮ್ಮ ಎಂಬ ಮಾತು ಅಲ್ಲಿ ಬಹಳ ಹಳೆಯದು. ಇವರಿಬ್ಬರಿಗೆ ಸಲಹೆ ಕೊಡಲು ಹಿರಿಯರ ಮಂಡಳಿ ಇದೆ. ಹೆಸರು ತುಹಾ ಪೆತ್, ಅಂದರೆ ನಾಲ್ವರು ಹಿರಿಯರು. ಹಲವು ಗಂಪೊಂಗ್‌ಗಳು ಸೇರಿದರೆ ಒಂದು ಮುಕಿಮ್. ಅದಕ್ಕೆ ಬೇರೆ ಮುಖ್ಯಸ್ಥ.

ಇವರೆಲ್ಲ ಸೇರುವ ಜಾಗ ಮೆನಾಸಾ. ಇದು ಪ್ರತಿ ಊರಿನಲ್ಲೂ ಇರುವ ಕಟ್ಟಡ. ನಮಾಜು ಇಲ್ಲೇ, ಸಭೆ ಇಲ್ಲೇ, ಮಕ್ಕಳ ಕುರಾನ್ ಪಾಠವೂ ಎಷ್ಟೋ ಕಡೆ ಇಲ್ಲೇ. ಹಿಂದೆ ಬೆಳೆದ ಹುಡುಗರು ರಾತ್ರಿ ಮನೆಯಲ್ಲಿ ಮಲಗುತ್ತಿರಲಿಲ್ಲ, ಮೆನಾಸಾದಲ್ಲೇ ಮಲಗುತ್ತಿದ್ದರು. ಅದಕ್ಕೆ ಕಾರಣ ಏನೆಂದು ಮನೆಯ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

1979ರಲ್ಲಿ ಜಕಾರ್ತಾದ ಸರ್ಕಾರ ಇಡೀ ದೇಶದ ಹಳ್ಳಿಗಳಿಗೆ ಒಂದೇ ನಮೂನೆಯ ಆಡಳಿತ ತಂದಿತು. ಅದು ಜಾವಾ ದ್ವೀಪದ ನಮೂನೆ. ಮುಕಿಮ್‌ಗೆ ಕಾಗದದಲ್ಲಿ ಜಾಗವೇ ಉಳಿಯಲಿಲ್ಲ. 2001ರಲ್ಲಿ ಅಚೆಹ್‌ಗೆ ವಿಶೇಷ ಸ್ವಾಯತ್ತತೆ ಸಿಕ್ಕ ಮೇಲೆ, 2003ರಲ್ಲಿ ಪ್ರಾಂತ್ಯವೇ ಕಾನೂನು ಮಾಡಿ ಗಂಪೊಂಗ್ ಮತ್ತು ಮುಕಿಮ್ ಎರಡನ್ನೂ ವಾಪಸ್ ತಂದಿತು. 2008ರ ಇನ್ನೊಂದು ಕಾನೂನು 18 ಬಗೆಯ ಸಣ್ಣ ತಕರಾರುಗಳನ್ನು ಊರಲ್ಲೇ ತೀರ್ಮಾನಿಸುವ ಅಧಿಕಾರ ಕೊಟ್ಟಿದೆ. ಗಂಡ-ಹೆಂಡಿರ ಜಗಳ, ಗಡಿ ತಂಟೆ, ಚಿಕ್ಕಪುಟ್ಟ ಕಳ್ಳತನ, ದನ ಬೆಳೆ ಮೇಯ್ದದ್ದು, ಇಂಥವು. ಪೊಲೀಸರ ಹತ್ತಿರ ಹೋಗುವ ಮುಂಚೆ ಮೆನಾಸಾ. ರಾಜಿಯಾದರೆ ಪರಿಹಾರ ಕೊಡಿಸಿ, ಅಕ್ಕಿ ಎರಚಿ, ಎಲೆಕಟ್ಟಿನಿಂದ ನೀರು ಚಿಮುಕಿಸಿ, ಇಬ್ಬರನ್ನೂ 'ತಂಪು' ಮಾಡುವ ಶಾಸ್ತ್ರ ನಡೆಯುತ್ತದೆ. ಹೊಸ ಬೈಕ್ ತಂದರೂ, ಹಜ್‌ಗೆ ಹೊರಟರೂ ಇದೇ ಶಾಸ್ತ್ರ.

ಹೊರಗಿನವರ ಕಣ್ಣಿಗೆ ಅಚೆಹ್ ಎಂದರೆ ಷರಿಯಾ ಕಾನೂನು ಮಾತ್ರ. ಅದು ಇದೆ, ಹಳ್ಳಿಯ ಉಡುಪು, ನಡೆವಳಿಕೆಯ ಮೇಲೆ ಅದರ ಹಿಡಿತವೂ ಇದೆ. ಆದರೆ ದಿನನಿತ್ಯದ ವ್ಯವಹಾರವನ್ನು ಹೆಚ್ಚಾಗಿ ನಡೆಸುವುದು ಈ ಹಳೆಯ ರೂಢಿಗಳೇ.

ಗದ್ದೆಯ ವರ್ಷ

ಗದ್ದೆಗೆ ಬೇರೆಯೇ ಅಧಿಕಾರಿ. ನಮ್ಮ ಕೆರೆ ಬಯಲಿನ ನೀರುಗಂಟಿಯ ಕೆಲಸ, ಆದರೆ ಅವನಿಗಿಂತ ಅಧಿಕಾರ ಜಾಸ್ತಿ. ಕೆಜ್ರುಯೆನ್ ಬ್ಲಾಂಗ್ ಎಂದು ಅವನ ಹೆಸರು. ಕಾಲುವೆ ಯಾವಾಗ ಹೂಳೆತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಸಸಿಮಡಿ ಯಾವಾಗ ಹಾಕಬೇಕು, ಇದೆಲ್ಲ ಅವನ ಮಾತಿನಂತೆ. ಸಂಬಳ ಇಲ್ಲ. ಕೊಯ್ಲಾದ ಮೇಲೆ ಪ್ರತಿ ರೈತ ಇಷ್ಟು ಭತ್ತ ಎಂದು ಅವನಿಗೆ ಅಳೆದು ಕೊಡುತ್ತಾನೆ.

ನಾಟಿಗೆ ಮುಂಚೆ ಊರೆಲ್ಲ ಸೇರಿ ಗದ್ದೆ ಬಯಲಿನಲ್ಲಿ ಖಂದೂರಿ ಮಾಡುತ್ತಾರೆ. ದುಡ್ಡು ಹಾಕಿ ಆಡನ್ನೋ ಎಮ್ಮೆಯನ್ನೋ ತಂದು, ಅಡುಗೆ ಮಾಡಿ, ಪ್ರಾರ್ಥನೆ ಸಲ್ಲಿಸಿ ಒಟ್ಟಿಗೆ ಊಟ. ಇದನ್ನು ಸುಮ್ನೆ ಹಬ್ಬ ಎಂದುಕೊಳ್ಳಬೇಡಿ. ಅಲ್ಲಿ ಕೂತಾಗಲೇ ಈ ಹಂಗಾಮಿನ ದಿನಾಂಕಗಳು ನಿಗದಿಯಾಗುತ್ತವೆ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಹಂಚುವುದು ಸುಲಭ. ಇಲಿ, ಹುಳದ ಕಾಟ ಒಬ್ಬನ ಗದ್ದೆಗೇ ಮುತ್ತುವುದಿಲ್ಲ. ಕೊಯ್ಲು ಮುಗಿದ ಮೇಲೆ ಬೇಲಿ ತೆಗೆದು ಊರ ದನಗಳನ್ನೆಲ್ಲ ಬಯಲಿಗೆ ಬಿಡುತ್ತಾರೆ. ತಡವಾಗಿ ನೆಟ್ಟವನ ಪೈರು ಆಗ ದನದ ಪಾಲು! ಹಾಗಾಗಿ ಯಾರೂ ತಡ ಮಾಡುವುದಿಲ್ಲ. ಶುಕ್ರವಾರ ಗದ್ದೆಗೆ ಇಳಿಯಬಾರದು ಎಂಬ ಕಟ್ಟೂ ಇದೆ.

ಕಾಲುವೆ ನೀರು ಇರುವ ಕಡೆ ವರ್ಷಕ್ಕೆ ಎರಡು ಬೆಳೆ. ಮಳೆ ನಂಬಿದ ಊರಿಗೆ ಒಂದೇ. ಉಳುವುದು ಗಂಡಸರ ಕೆಲಸ, ಈಗ ಕೈ ಟ್ರ್ಯಾಕ್ಟರ್. ನಾಟಿ, ಕಳೆ, ಕೊಯ್ಲು ಹೆಚ್ಚಾಗಿ ಹೆಂಗಸರದು. ಮುಯ್ಯಾಳು ಪದ್ಧತಿ ಅಲ್ಲೂ ಇದೆ. ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಹಿಂದೆ ತೆನೆಯನ್ನು ಕಾಲಲ್ಲಿ ತುಳಿದು ಒಕ್ಕುತ್ತಿದ್ದರು. ಈಗ ಬಯಲಿಗೆ ಕೊಯ್ಲು ಯಂತ್ರ ಬಂದಿದೆ. ಕೊಯ್ಲು ಕೂಲಿಯಾಗಿ ಭತ್ತ ಪಡೆಯುತ್ತಿದ್ದ, ಸ್ವಂತ ಗದ್ದೆ ಇಲ್ಲದ ಹೆಂಗಸರಿಗೆ ಅದರಿಂದ ಪೆಟ್ಟು ಬಿದ್ದಿದೆ.

ಸಮಸ್ಯೆ ಏನೆಂದರೆ ಗದ್ದೆ ಚಿಕ್ಕದು. ಅರ್ಧ ಹೆಕ್ಟೇರ್, ಅಂದರೆ ಸುಮಾರು ಒಂದೂಕಾಲು ಎಕರೆ. ಅಷ್ಟೂ ಇಲ್ಲದವರು ಬೇಕಾದಷ್ಟು ಜನ. ಮನೆಯ ಊಟಕ್ಕೆ ಅಕ್ಕಿಯಾಗುತ್ತದೆ, ಕೈಗೆ ಕಾಸು ಬರುವುದು ಕಡಿಮೆ. ಕಾಸಿಗೆ ಅಡಿಕೆ, ಕೊಕೊ, ತೆಂಗು, ಎಣ್ಣೆ ತಾಳೆ, ಸುಗಂಧದ ಎಣ್ಣೆ ಕೊಡುವ ಪಚೋಲಿ ಗಿಡ. ಇವುಗಳ ದರ ಊರಿನವರ ಕೈಯಲ್ಲಿಲ್ಲ. ಟೊಕೆ ಎಂದು ಕರೆಯುವ ವ್ಯಾಪಾರಿ ಬಂದು ಹೇಳಿದ್ದೇ ದರ. ಎಷ್ಟೋ ಸಲ ರೈತ ಅವನ ಹತ್ತಿರವೇ ಮುಂಗಡ ತಗೊಂಡಿರುತ್ತಾನೆ. ಚೌಕಾಸಿ ಮಾಡಲು ಬಾಯಿ ಎಲ್ಲಿ?

ಜಮೀನಿಲ್ಲದವರು ಪಾಲಿಗೆ ಮಾಡುತ್ತಾರೆ. ಇದಕ್ಕೆ ಮವಾಹ್ ಎಂದು ಹೆಸರು. ದನಕ್ಕೂ ಇದೇ ಕರಾರು. ಹಸು ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು.

ಮನೆ ಮಗಳದು

ಇಸ್ಲಾಂ ಗಟ್ಟಿಯಾಗಿರುವ ಊರಲ್ಲಿ ಮನೆ ಗಂಡಸಿನ ಹೆಸರಲ್ಲೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಪಿದಿಯೆ ಮತ್ತು ರಾಜಧಾನಿ ಬಂದಾ ಅಚೆಹ್ ಸುತ್ತಲಿನ ಹಳ್ಳಿಗಳಲ್ಲಿ ರೂಢಿ ತದ್ವಿರುದ್ಧ. ಮದುವೆಯಾದ ಮೇಲೆ ಗಂಡು ಹೆಣ್ಣಿನ ಮನೆಗೆ ಬರುತ್ತಾನೆ. ಕೆಲವು ವರ್ಷಗಳ ಮೇಲೆ ತಂದೆತಾಯಿ ಮಗಳಿಗೆ ಒಂದು ಮನೆ ಕೊಡುತ್ತಾರೆ. ಸಾಧ್ಯವಾದರೆ ಮನೆ ಜೊತೆಗೆ ಒಂದು ತುಂಡು ಗದ್ದೆಯನ್ನೂ ಕೊಡುತ್ತಾರೆ. ಆಸ್ತಿ ಭಾಗದ ಧಾರ್ಮಿಕ ನಿಯಮದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಅದನ್ನು ಮೀರುವುದಿಲ್ಲ. ಮನೆಯನ್ನು ಬದುಕಿರುವಾಗಲೇ ಉಡುಗೊರೆಯಾಗಿ ಕೊಟ್ಟುಬಿಡುತ್ತಾರೆ. ಭಾಗದ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಜಾಣ ಉಪಾಯ.

ಹೆಂಡತಿಯನ್ನು 'ಪೊ ರುಮೊಹ್', ಮನೆಯ ಒಡತಿ, ಎಂದೇ ಕರೆಯುತ್ತಾರೆ. ವಿಚ್ಛೇದನವಾದರೆ ಬಟ್ಟೆಬರೆ ಕಟ್ಟಿಕೊಂಡು ಹೊರಡಬೇಕಾದವನು ಗಂಡ. ಅಕ್ಕತಂಗಿಯರ ಮನೆಗಳು ಒಂದೇ ಅಂಗಳದ ಸುತ್ತ ಇರುತ್ತವೆ. ಹಾಗಾಗಿ ಊರಿನ ಒಂದು ಮೂಲೆ ಎಂದರೆ ತಾಯಿ, ಹೆಣ್ಣುಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಬಳಗ. ಬೆಳೆದ ಹುಡುಗರು ಮೆನಾಸಾದಲ್ಲಿ ಮಲಗುತ್ತಿದ್ದುದು ಇದಕ್ಕೇ. ಅಕ್ಕತಂಗಿಯರು, ಭಾವಂದಿರು ಇರುವ ಮನೆಯಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಹಳೆಯ ಮನೆಗಳು ಮರದ ಕಂಬಗಳ ಮೇಲೆ, ನೆಲದಿಂದ ಆಳೆತ್ತರಕ್ಕೆ. ಮೊಳೆ ಇಲ್ಲದೆ ಬೆಣೆ ಹೊಡೆದು ಕಟ್ಟಿದವು. ಮುಂದೆ ಅತಿಥಿಗಳ ಜಗಲಿ, ನಡುವೆ ಒಂದೆರಡು ಮೆಟ್ಟಿಲು ಎತ್ತರದ ಮಲಗುವ ಕೋಣೆ, ಹಿಂದೆ ಹೆಂಗಸರ ಜಗಲಿ ಮತ್ತು ಅಡುಗೆ. ಚಾವಣಿ ಸಾಗೊ ತಾಳೆಯ ಗರಿ. ಬೆಂಕಿ ಬಿದ್ದರೆ ಕಟ್ಟಿದ ಹಗ್ಗ ಕಡಿದು ಚಾವಣಿಯನ್ನೇ ಕೆಳಗೆ ಜಾರಿಸಬಹುದು. ಮನೆ ಅಡಿಯಲ್ಲಿ ಭತ್ತ ಕುಟ್ಟುವ ಕಾಲೊನಕೆ, ಸೌದೆ, ಕೋಳಿ. ಪ್ರವಾಹ ಬಂದರೆ ನೀರು ಕೆಳಗೇ ಹರಿದುಹೋಗುತ್ತಿತ್ತು. ಈಗ ಬಹುಪಾಲು ಇಟ್ಟಿಗೆ, ಸಿಮೆಂಟು, ತಗಡಿನ ಮನೆಗಳು, ನೆಲಕ್ಕೇ ಅಂಟಿಕೊಂಡು. ಒಳ್ಳೆಯ ಮರ ದುಬಾರಿ, ಕಟ್ಟುವ ಬಡಗಿಗಳೂ ಕಡಿಮೆ.

ಗಂಡಸಿಗೆ ಊರಲ್ಲಿ ಸ್ವಂತ ಮನೆ ಇಲ್ಲ, ಗದ್ದೆ ಸಾಲದು. ಹೀಗಾಗಿ ಪರಊರಿಗೆ ಹೋಗಿ ದುಡಿದು ತರುವುದು ಹಳೆಯ ಪದ್ಧತಿ. ಹಿಂದೆ ಪಶ್ಚಿಮ ಕರಾವಳಿಯ ಕರಿಮೆಣಸಿನ ತೋಟಗಳಿಗೆ ಹೋಗುತ್ತಿದ್ದರು. 1820ರ ದಶಕದಲ್ಲಿ ಜಗತ್ತಿನ ಮೆಣಸಿನಲ್ಲಿ ಹತ್ತಿರ ಹತ್ತಿರ ಅರ್ಧ ಅಚೆಹ್‌ನಿಂದಲೇ ಹೋಗುತ್ತಿತ್ತು. ಈಗ ಬಂದಾ ಅಚೆಹ್, ಮೇದಾನ್ ನಗರಗಳ ಅಂಗಡಿಗಳು, ಮಲೇಷ್ಯಾದ ದಿನಸಿ ವ್ಯಾಪಾರ.

ಚಿನ್ನವೇ ಬ್ಯಾಂಕು

ಗಂಡಿನ ಕಡೆಯವರು ಹೆಣ್ಣಿಗೆ ಕೊಡುವ ವಧುದಕ್ಷಿಣೆ ಚಿನ್ನದಲ್ಲಿ. ಅಳತೆಯ ಹೆಸರು ಮಾಯಮ್. ಒಂದು ಮಾಯಮ್ ಸುಮಾರು 3.3 ಗ್ರಾಂ. ಊರು, ಮನೆತನ ನೋಡಿ ಎಷ್ಟು ಮಾಯಮ್ ಎಂದು ಮಾತಾಗುತ್ತದೆ. ಈ ಚಿನ್ನ ಹೆಂಡತಿಯದು. ಕಷ್ಟ ಬಂದರೆ ಮೊದಲು ಹೊರಬರುವುದೂ ಅದೇ.

ಅದೂ ಸಾಲದಿದ್ದರೆ ಗಾಲಾ. ಇದು ನಮ್ಮ ಭೋಗ್ಯದ ಹಾಗೆ. ಹತ್ತು ಮಾಯಮ್ ಚಿನ್ನ ಪಡೆದು ಗದ್ದೆಯನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸುತ್ತಾರೆ. ಬಡ್ಡಿ ಇಲ್ಲ. ಆದರೆ ಚಿನ್ನ ವಾಪಸ್ ಕೊಡುವವರೆಗೆ ಗದ್ದೆಯ ಫಸಲು ಅವನದು. ಎಷ್ಟೋ ಕಡೆ ಗದ್ದೆಯವನೇ ತನ್ನ ಗದ್ದೆಯಲ್ಲಿ ಪಾಲುಗಾರನಾಗಿ ದುಡಿಯುತ್ತಾನೆ. ಇದೂ ಒಂದು ಬಗೆಯ ಬಡ್ಡಿಯೇ ಅಲ್ಲವೇ ಎಂಬ ಚರ್ಚೆ ಅಲ್ಲಿನ ಧರ್ಮಪಂಡಿತರಲ್ಲಿ ಇದೆ. ಪದ್ಧತಿ ಮಾತ್ರ ನಿಂತಿಲ್ಲ.

ತೊಂದರೆ ಎಲ್ಲಿ ಗೊತ್ತೇ? ತೀರಿಸಬೇಕಾದ್ದು ದುಡ್ಡಿನ ಲೆಕ್ಕದಲ್ಲಲ್ಲ, ಚಿನ್ನದಲ್ಲಿ. 2015ರಿಂದ 2025ರೊಳಗೆ ಚಿನ್ನದ ಬೆಲೆ ಡಾಲರ್ ಲೆಕ್ಕದಲ್ಲೇ ಮೂರು ಪಟ್ಟು ದಾಟಿತು. ಭತ್ತದ ಬೆಲೆ ಹಾಗೆ ಏರಲಿಲ್ಲ. ಹತ್ತು ವರ್ಷದ ಹಿಂದೆ ಮಗನ ಓದಿಗೋ ಆಸ್ಪತ್ರೆಗೋ ಹತ್ತು ಮಾಯಮ್ ತಂದವನು ಈಗ ಅದೇ ಹತ್ತು ಮಾಯಮ್ ಕೊಳ್ಳಲು ಆಗಿನದಕ್ಕಿಂತ ಎಷ್ಟೋ ಹೆಚ್ಚು ಬೆಳೆ ಮಾರಬೇಕು. ಅದೂ ಗದ್ದೆ ಕೈಯಲ್ಲಿ ಇಲ್ಲದೆ. ಈ ಊರುಗಳ ಬಡತನದ ಬಗ್ಗೆ ಓದುವಾಗ ಇದು ಅಷ್ಟಾಗಿ ಕಾಣುವುದಿಲ್ಲ. ನನಗೆ ಇದೇ ಮುಖ್ಯ ಅನಿಸುತ್ತದೆ.

ಇದರ ನಡುವೆಯೇ ಮೆಗಾಂಗ್ ಬರುತ್ತದೆ. ರಂಜಾನ್ ಶುರುವಾಗುವ ಮುಂಚೆ ಮತ್ತು ಎರಡು ಈದ್‌ಗಳ ಮುಂಚೆ ಪ್ರತಿ ಮನೆಯಲ್ಲೂ ಮಾಂಸದಡುಗೆ ಆಗಲೇಬೇಕು. 1607ರಿಂದ 1636ರವರೆಗೆ ಆಳಿದ ಸುಲ್ತಾನ್ ಇಸ್ಕಂದರ್ ಮುದಾ ಬಡವರಿಗೆ ಮಾಂಸ ಹಂಚುತ್ತಿದ್ದ, ಅಲ್ಲಿಂದ ಬಂದದ್ದು ಇದು ಎನ್ನುತ್ತಾರೆ. ಆ ದಿನಗಳಲ್ಲಿ ಮಾಂಸದ ದರ ಗಗನಕ್ಕೆ. ಆದರೂ ಹೊಸದಾಗಿ ಮದುವೆಯಾದವನು ಅತ್ತೆಮನೆಗೆ ಮಾಂಸ ತರದೆ ಹೋದರೆ ತಲೆ ಎತ್ತುವ ಹಾಗಿಲ್ಲ. ಉಳಿದ ದಿನಗಳ ಊಟ ಸರಳ. ಅನ್ನ, ಮೀನು, ಸೊಪ್ಪು. ಹುಳಿಗೆ ಉಪ್ಪು ಹಾಕಿ ಒಣಗಿಸಿದ ಬಿಂಬುಳಿ. ಎಣ್ಣೆ ತೆಗೆದ ಹುದುಗಿದ ಕೊಬ್ಬರಿಯ ಹಿಂಡಿ ಹಾಕಿ ಹತ್ತಾರು ತರಕಾರಿ ಬೇಯಿಸಿದ ಸಾರು.

ಮೂವತ್ತು ವರ್ಷದ ಯುದ್ಧ

ಉತ್ತರ ಅಚೆಹ್‌ನ ಅರುನ್‌ನಲ್ಲಿ 1971ರಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಲಾಭ ಜಕಾರ್ತಾಕ್ಕೆ ಹೋಯಿತು, ಸುತ್ತಲ ಹಳ್ಳಿಗಳಿಗೆ ಅದು ಇಳಿಯಲಿಲ್ಲ. 1976ರ ಡಿಸೆಂಬರ್ 4ರಂದು ಬಂಡಾಯದ ನಾಯಕ ಹಸನ್ ದಿ ತಿರೊ ಸ್ವತಂತ್ರ ಅಚೆಹ್ ಘೋಷಿಸಿದರು. 1989ರಿಂದ 1998ರವರೆಗೆ ಪ್ರಾಂತ್ಯ ಸೇನಾ ಕಾರ್ಯಾಚರಣೆಯ ವಲಯ. 2003ರಲ್ಲಿ ಸೇನಾ ಆಡಳಿತ. ಸುಮಾರು 15,000 ಜನ ಸತ್ತರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಹಳ್ಳಿಗೆ ಇದರ ಅರ್ಥ ಏನು? ಗಂಡಸರಿಗೆ ಕಡ್ಡಾಯ ರಾತ್ರಿ ಕಾವಲು. ಗುಡ್ಡದ ತೋಟಕ್ಕೆ ಹೋದರೆ ಬಂಡುಕೋರನಿಗೆ ಅನ್ನ ಕೊಡಲು ಹೋದ ಎಂಬ ಅನುಮಾನ. ತೋಟಗಳು ಪೊದೆ ಬೆಳೆದು ಹಾಳಾದವು. ಕೆಚಿಕ್‌ಗೆ ಹಗಲು ಸೈನಿಕರ ವಿಚಾರಣೆ, ರಾತ್ರಿ ಬಂಡುಕೋರರ ವಸೂಲಿ. ಎಷ್ಟೋ ಕಡೆ ಆ ಹುದ್ದೆಗೆ ಯಾರೂ ಮುಂದೆ ಬರುತ್ತಿರಲಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ಅಚೆಹ್‌ನಲ್ಲಿ ಸುಮಾರು 1,70,000 ಜನರನ್ನು ತೆಗೆದುಕೊಂಡಿತು. ಮುಂದಿನ ಆಗಸ್ಟ್ 15ರಂದು ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ತಿ ಅಹ್ತಿಸಾರಿ ಮಧ್ಯಸ್ಥಿಕೆಯಲ್ಲಿ ಹೆಲ್ಸಿಂಕಿಯಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವೆ ಶಾಂತಿ ಒಪ್ಪಂದವಾಯಿತು. ನೆರವಿನ ದೊಡ್ಡ ಹೊಳೆ ಕರಾವಳಿಗೆ ಹರಿಯಿತು. ಒಳನಾಡಿನ ಗದ್ದೆಯೂರುಗಳಿಗೆ ದೊಡ್ಡ ಗಾಯ ಮಾಡಿದ್ದು ಯುದ್ಧ, ಅಲೆಯಲ್ಲ. ಅವುಗಳ ಪಾಲಿಗೆ ಬಂದದ್ದು ಕಡಿಮೆ.

ದುಡ್ಡು ಬಂದರೂ ಬಡತನ ಯಾಕೆ?

ಒಪ್ಪಂದದ ನಂತರ 2008ರಿಂದ ಅಚೆಹ್‌ಗೆ ವಿಶೇಷ ಸ್ವಾಯತ್ತತೆ ನಿಧಿ ಬರುತ್ತಿದೆ. ಮೊದಲ 15 ವರ್ಷ, ಕೇಂದ್ರ ಸರ್ಕಾರ ದೇಶದ ಪ್ರಾಂತ್ಯ-ಜಿಲ್ಲೆಗಳಿಗೆ ಹಂಚುವ ಸಾಮಾನ್ಯ ನಿಧಿಯ ಒಟ್ಟು ಮೊತ್ತದ ಶೇ 2, ಆಮೇಲಿನ ಐದು ವರ್ಷ ಶೇ 1. 2027ಕ್ಕೆ ಮುಗಿಯಬೇಕು. 2015ರಿಂದ ಹಳ್ಳಿ ನಿಧಿ ಬೇರೆ. ಆದರೂ 2023ರ ಮಾರ್ಚ್‌ನಲ್ಲಿ ಅಚೆಹ್‌ನ ಬಡತನ ಶೇ 14.45. ಇಡೀ ದೇಶದ್ದು ಶೇ 9.36.

ಕಾಣುವ ಬದಲಾವಣೆ ಇಲ್ಲ ಎಂದಲ್ಲ. ರಸ್ತೆಗೆ ಕಾಂಕ್ರೀಟು ಬಿತ್ತು, ಚರಂಡಿ ಬಂತು, ಮೆನಾಸಾ ದೊಡ್ಡದಾಯಿತು. 2010ರಲ್ಲಿ ಪ್ರಾಂತ್ಯವೇ ಆರೋಗ್ಯ ವಿಮೆ ಶುರು ಮಾಡಿದ್ದರಿಂದ ಆಸ್ಪತ್ರೆ ಖರ್ಚಿನ ಹೆದರಿಕೆ ಇಳಿಯಿತು. ಆದರೆ ಕಟ್ಟಡ, ರಸ್ತೆಯ ದುಡ್ಡು ಕೆಲಸ ಮುಗಿಯುತ್ತಲೇ ಮುಗಿಯುತ್ತದೆ. ಅಡಿಕೆ, ಕೊಕೊ, ತಾಳೆ ಇಲ್ಲಿಂದ ಕಚ್ಚಾ ಸರಕಾಗಿಯೇ ಹೊರಡುತ್ತವೆ. ಸಂಸ್ಕರಿಸುವ ಕಾರ್ಖಾನೆಗಳು ಹೆಚ್ಚಾಗಿ ಪಕ್ಕದ ಮೇದಾನ್ ಕಡೆ. ಹಾಗಾಗಿ ಕೂಲಿಯೂ ಲಾಭವೂ ಅಲ್ಲಿಗೆ. 2022ರ ಸಮೀಕ್ಷೆಯಲ್ಲಿ ಅಚೆಹ್‌ನ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 31.2 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಕ್ಕಿ ಬೆಳೆಯುವ ಸೀಮೆಯಲ್ಲಿ ಹೊಟ್ಟೆ ತುಂಬುತ್ತದೆ, ಪೌಷ್ಟಿಕತೆ ಸಿಗುತ್ತಿಲ್ಲ ಎಂದಾಯಿತು.

ಗದ್ದೆ ಕೆಸರಲ್ಲಿ ಹೂತರೆ

ಈಗ 2025ರ ನೆರೆಗೆ ಬರೋಣ. ಮಲಾಕ್ಕಾ ಜಲಸಂಧಿಯಲ್ಲಿ ಚಂಡಮಾರುತ ಏಳುವುದು ತೀರಾ ಅಪರೂಪ. ಸಮಭಾಜಕದ ಹತ್ತಿರ ಗಾಳಿಗೆ ಸುಳಿಯಾಗಿ ತಿರುಗುವ ಬಲ ಸಿಗುವುದಿಲ್ಲ. ಸೆನ್ಯಾರ್ ಎಂಬ ಈ ಚಂಡಮಾರುತ ಮಾತ್ರ ಎದ್ದಿತು. ಕಾಡು ಕಡಿದು ಬೋಳಾದ ಇಳಿಜಾರುಗಳು ಮಳೆಯನ್ನು ತಡೆಯಲಿಲ್ಲ. ಹೊಳೆಗಳು ಮಣ್ಣನ್ನೂ ದಿಮ್ಮಿಗಳನ್ನೂ ಬಯಲಿಗೆ ತಂದು ಸುರಿದವು.

ಇಷ್ಟು ಓದಿದ ಮೇಲೆ ನಷ್ಟದ ಲೆಕ್ಕ ಬೇರೆಯೇ ಕಾಣುತ್ತದೆ. ಕಾಲುವೆ ಮುಚ್ಚಿದರೆ ನೀರು ಹಂಚುವವನಿಗೆ ಹಂಚಲು ಏನೂ ಇಲ್ಲ. ಬದು ಅಳಿದರೆ ಯಾರ ಗದ್ದೆ ಎಲ್ಲಿಯವರೆಗೆ ಎಂಬುದನ್ನು ಹಿರಿಯರ ನೆನಪಿನಿಂದಲೇ ಹೇಳಬೇಕು. ಸುನಾಮಿಯ ನಂತರ ಕರಾವಳಿಯಲ್ಲಿ ಹಾಗೇ ಆಗಿತ್ತು, ಊರಿನವರೇ ಕೂತು ಗಡಿ ಒಪ್ಪಿಕೊಂಡು ಗುರುತು ಹಾಕಿದ್ದರು. ಮನೆ ಹೋದರೆ ಹೋದದ್ದು ಹೆಣ್ಣುಮಗಳ ಆಸ್ತಿ. ಪರಿಹಾರದ ಅರ್ಜಿಯಲ್ಲಿ ಬರೆಯುವುದು ಸಾಮಾನ್ಯವಾಗಿ ಕುಟುಂಬದ ಯಜಮಾನ ಎಂದು ಗಂಡನ ಹೆಸರು. ಗಾಲಾ ಇಟ್ಟ ಗದ್ದೆ ಕೆಸರಾದರೆ ನಷ್ಟ ಯಾರದು, ಚಿನ್ನ ಕೊಟ್ಟವನದೋ ಪಡೆದವನದೋ? ಇಂಥ ಪ್ರಶ್ನೆ ಸರ್ಕಾರಿ ನಮೂನೆಯಲ್ಲಿ ಇರುವುದಿಲ್ಲ, ಮೆನಾಸಾದಲ್ಲೇ ತೀರಬೇಕು.

ನಮ್ಮ ಅಡಿಕೆ, ಅವರ ಅಡಿಕೆ

ಈ ಹಳ್ಳಿಗಳಿಗೂ ಮಲೆನಾಡಿಗೂ ನೇರ ನಂಟು ಒಂದಿದೆ, ಅಡಿಕೆ. ಅಚೆಹ್‌ನಲ್ಲಿ ಅತಿಥಿಗೆ ಎಲೆಯಡಿಕೆ ಕೊಟ್ಟು ಬರಮಾಡಿಕೊಳ್ಳುವುದು ಮರ್ಯಾದೆ. ಆದರೆ ದೊಡ್ಡ ತೋಟ ಮಾಡಿ ಬೆಳೆಯುವುದಕ್ಕಿಂತ ಬೇಲಿ ಸಾಲಿನಲ್ಲಿ, ಹಿತ್ತಲಲ್ಲಿ ಬೆಳೆಯುವುದೇ ಹೆಚ್ಚು. ಹೆಂಗಸರು ಕಾಯಿ ಒಡೆದು ಹೋಳು ಮಾಡುತ್ತಾರೆ, ಅಂಗಳದಲ್ಲೋ ರಸ್ತೆ ಬದಿಯಲ್ಲೋ ಒಣಗಿಸಿ ಕಿಲೊ ಲೆಕ್ಕದಲ್ಲಿ ಟೊಕೆಗೆ ಮಾರುತ್ತಾರೆ. ಇಂಡೋನೇಷ್ಯಾ ದೊಡ್ಡ ಅಡಿಕೆ ರಫ್ತುದಾರ ದೇಶ, ಅದರ ಮುಖ್ಯ ಗಿರಾಕಿಗಳಲ್ಲಿ ಭಾರತವೂ ಒಂದು.

ಹೊರಗಿನ ಅಗ್ಗದ ಅಡಿಕೆ ತಡೆಯಿರಿ ಎಂದು ಕರ್ನಾಟಕದ ಬೆಳೆಗಾರರು ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೊಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ತರುವಂತಿಲ್ಲ. ಇಲ್ಲಿನ ಬೆಳೆಗಾರನಿಗೆ ಅದು ಬೇಕೇ ಬೇಕಿತ್ತು. ಇಂಥ ನಿಯಮ ಬಿಗಿಯಾದಾಗ ಹೊರೆ ಬೀಳುವುದು ರಫ್ತುದಾರನ ಮೇಲೆ. ಅವನು ಅದನ್ನು ಟೊಕೆಗೆ ದಾಟಿಸುತ್ತಾನೆ, ಟೊಕೆ ಅಂಗಳದಲ್ಲಿ ಹೋಳು ಒಣಗಿಸುವವಳಿಗೆ ಕೊಡುವ ದರದಲ್ಲಿ ಕಡಿತ ಮಾಡುತ್ತಾನೆ.